ಸ್ಮಾರ್ಟ್ ಬೋರ್ಡ್ ಬಂತು, ಲಾಸ್ಟ್ ಬೆಂಚಿಗೆ ಪಾಠ ಮುಟ್ಟಿತಾ?

ಮಗನನ್ನೋ ಮಗಳನ್ನೋ ಡಿಗ್ರಿಗೆ ಸೇರಿಸಲು ನಾಲ್ಕು ಕಾಲೇಜು ಸುತ್ತಿದವರಿಗೆ ಒಂದು ಮಾತು ಎಲ್ಲ ಕಡೆ ಕಿವಿಗೆ ಬಿದ್ದಿರುತ್ತದೆ. ನಮ್ಮಲ್ಲಿ ಎಲ್ಲಾ ಸ್ಮಾರ್ಟ್ ಕ್ಲಾಸ್‌ರೂಮ್, ಎಲ್‌ಎಂಎಸ್ (ನೋಟ್ಸ್, ಅಸೈನ್‌ಮೆಂಟ್ ಇಡುವ ಆ್ಯಪ್) ಇದೆ, ಫುಲ್ ಡಿಜಿಟಲ್. ಬ್ರೋಷರ್‌ನ ಮೊದಲ ಪುಟದಲ್ಲೇ ದೊಡ್ಡ ಪರದೆಯ ಫೋಟೋ ಇರುತ್ತದೆ. ಖಾಸಗಿ ಕಾಲೇಜು ಅಂತಲ್ಲ, ಸರ್ಕಾರಿ ಕಾಲೇಜುಗಳಲ್ಲೂ ಇದು ಬಂದಿದೆ. 2021ರಲ್ಲಿ ರಾಜ್ಯ ಸರ್ಕಾರ ಡಿಗ್ರಿ, ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಸೇರಿ ಸುಮಾರು ಒಂದೂವರೆ ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ಹಂಚಲು ಶುರು ಮಾಡಿತು, ಜೊತೆಗೆ ಎಲ್‌ಎಂಎಸ್ ಕೂಡ ತಂದಿತು.

ಸರಿ, ಇದರಿಂದ ಹುಡುಗರು ಜಾಸ್ತಿ ಕಲಿಯುತ್ತಾರಾ?

ಇದರ ಬಗ್ಗೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಅಧ್ಯಯನ ನಡೆದಿದೆ. ಅದರಲ್ಲಿ ಸಿಕ್ಕಿದ ಉತ್ತರ ಬ್ರೋಷರ್ ಹೇಳುವಷ್ಟು ಸಿಹಿಯಾಗಿಲ್ಲ, "ಎಲ್ಲಾ ದುಡ್ಡು ದಂಡ" ಅನ್ನುವವರು ಹೇಳುವಷ್ಟು ಕಹಿಯಾಗಿಯೂ ಇಲ್ಲ. ಒಂದು ರೀತಿಯ ಬಳಕೆ ಕೆಲಸ ಮಾಡುತ್ತದೆ. ಉಳಿದದ್ದರಲ್ಲಿ ಹೆಚ್ಚಿನದು ಪಾಠವನ್ನು ಬಣ್ಣ ಬಣ್ಣವಾಗಿ ತೋರಿಸುತ್ತದೆ, ಅಷ್ಟೇ. ಯಾವುದು ಕೆಲಸ ಮಾಡುವಂಥದ್ದು, ಯಾಕೆ ಮಾಡುತ್ತದೆ ಅನ್ನುವುದನ್ನು ಬುಡದಿಂದ ನೋಡೋಣ.

ಕ್ಲಾಸಿನೊಳಗಿನ ಮೂರು ಜಾತಿಯ ಸಾಮಾನು

ಕಾಲೇಜಿನವರು "ಟೆಕ್ನಾಲಜಿ" ಅಂತ ಒಂದೇ ಮಾತಿನಲ್ಲಿ ಹೇಳಿಬಿಡುತ್ತಾರೆ. ಅದರೊಳಗೆ ಮೂರು ಬೇರೆ ಬೇರೆ ಕೆಲಸ ಇದೆ.

ಮೊದಲನೆಯದು ತೋರಿಸುವ ಸಾಮಾನು. ಪ್ರೊಜೆಕ್ಟರ್, ಸ್ಮಾರ್ಟ್ ಬೋರ್ಡ್, ಪಿಪಿಟಿ, ವಿಡಿಯೋ ಎಲ್ಲ ಇದರಲ್ಲಿ ಬರುತ್ತವೆ. ಮೇಷ್ಟ್ರ ಕಡೆಯಿಂದ ಹುಡುಗರ ಕಡೆಗೆ ಮಾತ್ರ ಹರಿಯುವ ಸಾಮಾನು ಇದು.

ಎರಡನೆಯದು ಇಟ್ಟುಕೊಳ್ಳುವ, ಕಳಿಸುವ ಸಾಮಾನು. ಎಲ್‌ಎಂಎಸ್ ಅಂದರೆ ಇದೇ. ನೋಟ್ಸ್, ಅಸೈನ್‌ಮೆಂಟ್, ರೆಕಾರ್ಡ್ ಮಾಡಿದ ಪಾಠ, ಇಂಟರ್ನಲ್ಸ್ ಅಂಕ ಎಲ್ಲವನ್ನೂ ಒಂದು ಕಡೆ ಇಡುವ ವೆಬ್‌ಸೈಟೋ ಆ್ಯಪೋ. ಮೂಡಲ್, ಗೂಗಲ್ ಕ್ಲಾಸ್‌ರೂಮ್ ಹೆಸರು ಕೇಳಿರುತ್ತೀರಿ. ಎಷ್ಟೋ ಕಡೆ ಅಸಲಿ ಎಲ್‌ಎಂಎಸ್ ಅಂದರೆ ಕ್ಲಾಸ್ ಲೀಡರ್ ನಡೆಸುವ ವಾಟ್ಸ್‌ಆ್ಯಪ್ ಗ್ರೂಪೇ, ಅದು ಬೇರೆ ಮಾತು.

ಮೂರನೆಯದು ಕೇಳುವ ಸಾಮಾನು. ಮೇಷ್ಟ್ರು ಒಂದು ಪ್ರಶ್ನೆ ಹಾಕುತ್ತಾರೆ, ಕ್ಲಾಸಿನಲ್ಲಿರುವ ಪ್ರತಿಯೊಬ್ಬರೂ ಉತ್ತರ ಒತ್ತುತ್ತಾರೆ, ಎಷ್ಟು ಜನ ಯಾವ ಉತ್ತರ ಕೊಟ್ಟರು ಅನ್ನುವುದು ಆ ಕ್ಷಣವೇ ಪರದೆಯ ಮೇಲೆ ಬರುತ್ತದೆ. ಇದಕ್ಕೆಂದೇ ಹಿಂದೆ ಟಿವಿ ರಿಮೋಟ್ ತರಹದ ಕ್ಲಿಕರ್ ಅನ್ನುವ ಸಾಧನ ಇತ್ತು. ಈಗ ಫೋನಿನಲ್ಲೇ ಕಹೂಟ್, ಮೆಂಟಿಮೀಟರ್ ತರಹದ್ದು ಬಂದಿವೆ.

ಕಾಲೇಜುಗಳು ಜಾಸ್ತಿ ದುಡ್ಡು ಸುರಿಯುವುದು ಮೊದಲನೆಯದರ ಮೇಲೆ. ಕಲಿಕೆಯ ಮೇಲೆ ಗಟ್ಟಿ ಪರಿಣಾಮ ಕಂಡಿರುವುದು ಮೂರನೆಯದರಲ್ಲಿ.

ಗಮನ ಕೊಡೋದು ಅಂದರೆ ಏನು?

ಕ್ಲಾಸಿನಲ್ಲಿ ಸುಮ್ನೆ ಕೂತು, ಬೋರ್ಡ್ ನೋಡುತ್ತಾ, ನೋಟ್ಸ್ ಇಳಿಸಿಕೊಳ್ಳುವ ಹುಡುಗನನ್ನು ನೋಡಿದರೆ ಗಮನ ಕೊಡ್ತಿದ್ದಾನೆ ಅಂತಲೇ ಅನ್ನಿಸುತ್ತದೆ. ಆದರೆ ಬರೆದುಕೊಳ್ಳುವ ಕೈಗೂ ಯೋಚಿಸುವ ತಲೆಗೂ ಸಂಬಂಧ ಇರಲೇಬೇಕು ಅಂತೇನಿಲ್ಲ. ಡಿಕ್ಟೇಷನ್ ತೆಗೆದುಕೊಂಡವರೆಲ್ಲರಿಗೂ ಗೊತ್ತು. ಇಲ್ಲಿ ನಾವು ಗಮನ ಅನ್ನುವುದು ಬೇರೆ. ಹುಡುಗ ಒಂದು ಪ್ರಶ್ನೆಯನ್ನು ತಲೆಗೆ ಹಚ್ಚಿಕೊಂಡು, ತನ್ನದೇ ಒಂದು ಉತ್ತರ ಕಟ್ಟಿ, ಅದು ಸರಿಯೋ ತಪ್ಪೋ ಅಂತ ನೋಡಿಕೊಳ್ಳುವುದು.

ಮೇಷ್ಟ್ರುಗಳಿಗೆ ಇದು ಗೊತ್ತಿಲ್ಲ ಅಂತಲ್ಲ. ಅದಕ್ಕೇ ಅಲ್ವಾ ಪಾಠದ ನಡುವೆ "ಅರ್ಥ ಆಯ್ತಾ?" ಅಂತ ಕೇಳೋದು. ಎಲ್ಲರೂ ಒಟ್ಟಿಗೆ "ಆಯ್ತು ಸರ್" ಅನ್ನುತ್ತಾರೆ. ಇನ್ನೂ ಕೇಳಿದರೆ ಫಸ್ಟ್ ಬೆಂಚಿನ ಒಬ್ಬಳು ಎದ್ದು ಸರಿಯಾದ ಉತ್ತರ ಹೇಳುತ್ತಾಳೆ, ಪಾಠ ಮುಂದಕ್ಕೆ ಹೋಗುತ್ತದೆ. ಅನ್ನ ಬೆಂದಿದೆಯಾ ಅಂತ ಒಂದು ಅಗುಳು ಹಿಸುಕಿ ನೋಡುವ ಹಾಗೆ ಇದು. ಪಾತ್ರೆಯೊಳಗಿನ ಅಕ್ಕಿಗಾದರೆ ಅದು ಸಾಕು, ಯಾಕಂದರೆ ಎಲ್ಲಾ ಕಾಳಿಗೂ ಒಂದೇ ನೀರು, ಒಂದೇ ಉರಿ. ಕ್ಲಾಸಿನಲ್ಲಿ ಮೇಷ್ಟ್ರ ಕೈಗೆ ಸಿಗುವ ಅಗುಳು ಯಾವಾಗಲೂ ಮೊದಲೇ ಬೆಂದದ್ದು. ಹಿಂದಿನ ಮೂರು ಸಾಲು ಹಸಿಯಾಗಿದ್ದರೂ ಗೊತ್ತಾಗುವುದೇ ಇಲ್ಲ. ಗೊತ್ತಾಗುವುದು ಪರೀಕ್ಷೆಯ ಪೇಪರ್ ತಿದ್ದುವಾಗ, ಆಗ ಮಾಡಲು ಏನೂ ಉಳಿದಿರುವುದಿಲ್ಲ.

ಕೇಳುವ ಸಾಮಾನು ಮಾಡುವ ಕೆಲಸ ಇಷ್ಟೇ. ಎಲ್ಲರ ಉತ್ತರವೂ ಪಾಠ ನಡೆಯುತ್ತಿರುವಾಗಲೇ ಮೇಷ್ಟ್ರಿಗೆ ಕಾಣುವ ಹಾಗೆ ಮಾಡುತ್ತದೆ.

ಹಾರ್ವರ್ಡ್‌ನಲ್ಲಿ ಒಬ್ಬ ಮೇಷ್ಟ್ರಿಗೆ ಆದ ಆಘಾತ

ಎರಿಕ್ ಮಜೂರ್ ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ಪ್ರೊಫೆಸರ್. 1980ರ ದಶಕದಲ್ಲಿ ಪಾಠ ಶುರು ಮಾಡಿದರು. ಹುಡುಗರಿಗೆ ಅವರ ಪಾಠ ಇಷ್ಟ, ಫೀಡ್‌ಬ್ಯಾಕ್ ಚೆನ್ನಾಗಿತ್ತು, ಕಷ್ಟದ ಲೆಕ್ಕಗಳನ್ನೂ ಹುಡುಗರು ಬಿಡಿಸುತ್ತಿದ್ದರು. ಅಷ್ಟರಲ್ಲಿ ಅರಿಜೋನಾದ ಸಂಶೋಧಕರು ಮಾಡಿದ ಒಂದು ಪರೀಕ್ಷೆಯ ವಿಚಾರ ಓದಿದರು. ಅದರಲ್ಲಿ ಸೂತ್ರ ಇಲ್ಲ, ಲೆಕ್ಕ ಇಲ್ಲ. ದಿನನಿತ್ಯದ ಮಾತಿನಲ್ಲಿ ಕೇಳಿದ ಪ್ರಶ್ನೆಗಳು. ಒಂದು ನಮೂನೆ ಹೀಗೆ: ಭಾರದ ಲಾರಿಗೂ ಸಣ್ಣ ಕಾರಿಗೂ ಎದುರುಬದುರು ಡಿಕ್ಕಿಯಾದರೆ, ಯಾವುದು ಇನ್ನೊಂದರ ಮೇಲೆ ಜಾಸ್ತಿ ಬಲ ಹಾಕುತ್ತದೆ?

ನಮ್ಮಲ್ಲಿ ಹೆಚ್ಚಿನವರು ಲಾರಿ ಅನ್ನುತ್ತೇವೆ. ಸರಿ ಉತ್ತರ, ಎರಡೂ ಒಂದೇ ಬಲ. ನ್ಯೂಟನ್ನನ ಮೂರನೇ ನಿಯಮ ಹೇಳುವುದು ಅದನ್ನೇ. ಕಾರು ನುಜ್ಜುಗುಜ್ಜಾಗುವುದು ಅದು ಹಗುರ, ಅದರ ವೇಗ ಒಮ್ಮೆಲೇ ಬದಲಾಗುತ್ತದೆ ಅನ್ನುವ ಕಾರಣಕ್ಕೆ.

ಮಜೂರ್ ಇಂಥ ಪ್ರಶ್ನೆಗಳನ್ನು ತಮ್ಮ ಕ್ಲಾಸಿಗೆ ಕೊಟ್ಟರು. ಆಗ ಒಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆಯನ್ನು ಅವರು ಎಷ್ಟೋ ಭಾಷಣಗಳಲ್ಲಿ ಹೇಳಿಕೊಂಡಿದ್ದಾರೆ. ನೀವು ಹೇಳಿಕೊಟ್ಟ ಹಾಗೆ ಉತ್ತರ ಬರೆಯಬೇಕಾ, ಅಥವಾ ನಾನು ಮಾಮೂಲಾಗಿ ಯೋಚಿಸುವ ಹಾಗೆ ಬರೆಯಬೇಕಾ ಅಂತ. ಹುಡುಗರು ಸೂತ್ರ ಹಾಕಿ ಅಂಕ ತೆಗೆಯುತ್ತಿದ್ದರು, ತಲೆಯೊಳಗಿನ ತಿಳಿವಳಿಕೆ ಮಾತ್ರ ಕಾಲೇಜಿಗೆ ಬರುವ ಮುಂಚೆ ಹೇಗಿತ್ತೋ ಹಾಗೇ ಇತ್ತು.

1991ರಲ್ಲಿ ಅವರು ಪಾಠದ ರೀತಿಯನ್ನೇ ಬದಲಿಸಿದರು. ಸ್ವಲ್ಪ ವಿವರಣೆ, ಒಂದು ಪ್ರಶ್ನೆ, ಎಲ್ಲರ ಉತ್ತರ, ಪಕ್ಕದವರ ಜೊತೆ ಚರ್ಚೆ, ಮತ್ತೆ ಉತ್ತರ. ಇದಕ್ಕೆ ಪೀರ್ ಇನ್‌ಸ್ಟ್ರಕ್ಷನ್ ಅಂತ ಹೆಸರು. ಗೆಳೆಯರೇ ಗೆಳೆಯರಿಗೆ ಹೇಳಿಕೊಡುವುದು. ಮೊದಮೊದಲು ಕೈ ಎತ್ತಿಸಿ, ಕಾರ್ಡ್ ಹಿಡಿಸಿ ಉತ್ತರ ತೆಗೆದುಕೊಳ್ಳುತ್ತಿದ್ದರು. ಯಂತ್ರ ಬಂದದ್ದು ಆಮೇಲೆ.

ಒಂದು ಪ್ರಶ್ನೆ ಹೇಗೆ ನಡೆಯುತ್ತದೆ

ಇದನ್ನು ನಮ್ಮದೇ ಒಂದು ಬಿಎ ಅರ್ಥಶಾಸ್ತ್ರದ ಕ್ಲಾಸಿನಲ್ಲಿ ಇಟ್ಟು ನೋಡೋಣ. ಹಣದುಬ್ಬರದ ಪಾಠ. ಮೇಡಂ ಹತ್ತು ನಿಮಿಷ ವಿವರಿಸಿ, ಪರದೆಯ ಮೇಲೆ ಈ ಪ್ರಶ್ನೆ ಹಾಕುತ್ತಾರೆ ಅಂದುಕೊಳ್ಳಿ.

ಕಳೆದ ವರ್ಷ ಹಣದುಬ್ಬರ ಶೇ 6 ಇತ್ತು. ಈ ವರ್ಷ ಶೇ 4ಕ್ಕೆ ಇಳಿದಿದೆ. ಹಾಗಾದರೆ ಈ ವರ್ಷ ಸಾಮಾನಿನ ಬೆಲೆ ಒಟ್ಟಾರೆ ಏನಾಯಿತು? ಎ: ಇಳಿಯಿತು. ಬಿ: ಹಾಗೇ ನಿಂತಿತು. ಸಿ: ಏರಿತು, ಆದರೆ ಕಳೆದ ವರ್ಷಕ್ಕಿಂತ ನಿಧಾನವಾಗಿ.

ಮೊದಲ ಒಂದು ನಿಮಿಷ ಯಾರೂ ಮಾತಾಡುವ ಹಾಗಿಲ್ಲ. ಪ್ರತಿಯೊಬ್ಬರೂ ಒಬ್ಬೊಬ್ಬರೇ ಉತ್ತರ ಕೊಡಬೇಕು. ಮೇಡಂ ಫಲಿತಾಂಶ ನೋಡುತ್ತಾರೆ, ಆದರೆ ಕ್ಲಾಸಿಗೆ ತೋರಿಸುವುದಿಲ್ಲ. ಇದು ಮುಖ್ಯ. ತೋರಿಸಿದರೆ ಪರದೆಯ ಮೇಲೆ ಯಾವ ಉತ್ತರದ ಕಡ್ಡಿ ಉದ್ದ ಇದೆಯೋ ಅದೇ ಸರಿ ಅಂತ ಎಲ್ಲರೂ ಅತ್ತ ಜಾರುತ್ತಾರೆ.

ಈಗ ಮೇಡಂ ಕೈಯಲ್ಲಿ ಮೂರು ದಾರಿ. ಬಹುಪಾಲು ಹುಡುಗರು ಸರಿ ಹೇಳಿದ್ದರೆ ಎರಡು ಮಾತು ಹೇಳಿ ಮುಂದೆ ಹೋಗಬಹುದು. ತೀರಾ ಕಡಿಮೆ ಜನ ಸರಿ ಹೇಳಿದ್ದರೆ ಚರ್ಚೆಗೆ ಬಿಟ್ಟು ಪ್ರಯೋಜನ ಇಲ್ಲ, ಪಾಠವನ್ನೇ ಇನ್ನೊಂದು ರೀತಿಯಲ್ಲಿ ಹೇಳಬೇಕು. ನಡುವೆ ಎಲ್ಲೋ ಇದ್ದರೆ, ಅಂದರೆ ಹೆಚ್ಚುಕಡಿಮೆ ಶೇ 30ರಿಂದ 70ರಷ್ಟು ಜನ ಸರಿ ಹೇಳಿದ್ದರೆ, ಅದೇ ಒಳ್ಳೆಯ ಹೊತ್ತು. "ಪಕ್ಕದವರು ಬೇರೆ ಉತ್ತರ ಕೊಟ್ಟಿದ್ದರೆ ಅವರನ್ನು ಒಪ್ಪಿಸಿ ನೋಡಿ" ಅನ್ನುತ್ತಾರೆ.

ಆಗ ಕ್ಲಾಸಿನಲ್ಲಿ ಸಂತೆ. "ಎ" ಒತ್ತಿದವನು ಹೇಳುತ್ತಾನೆ, ಆರು ಇದ್ದದ್ದು ನಾಲ್ಕಾಯಿತಲ್ಲ, ಇಳಿದ ಹಾಗೇ ತಾನೇ? "ಸಿ" ಒತ್ತಿದವಳು ಪುಸ್ತಕದ ಹಿಂದಿನ ಪುಟ ತಿರುಗಿಸಿ ಲೆಕ್ಕ ಬರೆಯುತ್ತಾಳೆ. ಮೊದಲು 100 ರೂಪಾಯಿ ಇದ್ದ ಸಾಮಾನು ಶೇ 6 ಏರಿ 106 ಆಯಿತು. ಈಗ ಆ 106ರ ಮೇಲೆ ಶೇ 4. ಅಂದರೆ 110 ರೂಪಾಯಿ 24 ಪೈಸೆ. ಎಲ್ಲಿ ಇಳಿಯಿತು? ಅವನು ಸ್ವಲ್ಪ ಹೊತ್ತು ಆ ಸಂಖ್ಯೆ ನೋಡಿ, ಓ, ಇಳಿದದ್ದು ಏರುವ ವೇಗ, ಬೆಲೆ ಅಲ್ಲ ಅನ್ನುತ್ತಾನೆ. ಈ ಒಂದು ವಾಕ್ಯವನ್ನು ಮೇಡಂ ಹತ್ತು ನಿಮಿಷ ಮುಂಚೆ ಹೇಳಿಯೇ ಇದ್ದರು. ಆಗ ಅದು ನೋಟ್‌ಬುಕ್ಕಿಗೆ ಹೋಗಿತ್ತು.

ಎರಡು ಮೂರು ನಿಮಿಷ ಆದ ಮೇಲೆ ಮತ್ತೆ ವೋಟು. ಈ ಸಲ ಫಲಿತಾಂಶ ತೋರಿಸಿ, ಯಾಕೆ "ಸಿ" ಸರಿ, ಅದಕ್ಕಿಂತ ಮುಖ್ಯವಾಗಿ "ಎ" ಯಾಕೆ ಸರಿ ಅನ್ನಿಸುತ್ತದೆ, ಎಲ್ಲಿ ಎಡವುತ್ತೇವೆ ಅನ್ನುವುದನ್ನು ಮೇಡಂ ವಿವರಿಸುತ್ತಾರೆ. ಎಲ್ಲ ಸೇರಿ ಏಳೆಂಟು ನಿಮಿಷ.

ಇದು ಯಾಕೆ ಕೆಲಸ ಮಾಡುತ್ತದೆ?

ಇಲ್ಲೊಂದು ಸಹಜ ಅನುಮಾನ ಬರುತ್ತದೆ. ಜಾಣರು ಹೇಳಿದ್ದನ್ನು ಉಳಿದವರು ಕಾಪಿ ಹೊಡೆಯುತ್ತಾರೆ, ಎರಡನೇ ವೋಟಿನಲ್ಲಿ ಸರಿ ಹೇಳುವವರು ಜಾಸ್ತಿ ಆಗುವುದು ಅದಕ್ಕೇ ಅಲ್ವಾ? ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ಜೆನೆಟಿಕ್ಸ್ ಕ್ಲಾಸಿನಲ್ಲಿ ಇದನ್ನೇ ಪರೀಕ್ಷೆ ಮಾಡಿದರು, 2009ರಲ್ಲಿ ಫಲಿತಾಂಶ ಪ್ರಕಟವಾಯಿತು. ಚರ್ಚೆ ಮುಗಿದ ಮೇಲೆ ಅದೇ ವಿಷಯದ ಮೇಲೆ ಬೇರೆ ಪ್ರಶ್ನೆ ಕೊಟ್ಟು, ಒಬ್ಬೊಬ್ಬರೇ ಉತ್ತರಿಸಿ ಅಂದರು. ಮೊದಲು ತಪ್ಪು ಹೇಳಿದ್ದ ಎಷ್ಟೋ ಜನ ಹೊಸ ಪ್ರಶ್ನೆಗೆ ಸರಿ ಉತ್ತರ ಕೊಟ್ಟರು. ಇನ್ನೂ ಸ್ವಾರಸ್ಯ ಏನೆಂದರೆ, ಗುಂಪಿನಲ್ಲಿ ಮೊದಲು ಒಬ್ಬರಿಗೂ ಸರಿ ಉತ್ತರ ಗೊತ್ತಿರದಿದ್ದ ಕಡೆಯೂ ಸುಧಾರಣೆ ಕಂಡಿತು. ವಾದ ಮಾಡುತ್ತಾ ಮಾಡುತ್ತಾ ತಾವೇ ದಾರಿ ಹುಡುಕಿಕೊಂಡಿದ್ದರು.

ಎರಡನೇ ಕಾರಣ ನೆನಪಿಗೆ ಸಂಬಂಧಿಸಿದ್ದು. ಓದಿದ್ದನ್ನೇ ಮತ್ತೆ ಮತ್ತೆ ಓದಿದರೆ ನೆನಪಿರುತ್ತದೆ ಅಂತ ನಾವೆಲ್ಲ ನಂಬಿದ್ದೇವೆ. 2006ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ಇಬ್ಬರು ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳಿಗೆ ಒಂದು ಪುಟ್ಟ ಪಾಠ ಓದಿಸಿದರು. ಕೆಲವರು ಅದನ್ನು ಇನ್ನೊಮ್ಮೆ ಓದಿದರು. ಇನ್ನು ಕೆಲವರು ಪುಸ್ತಕ ಮುಚ್ಚಿ ನೆನಪಿದ್ದದ್ದನ್ನು ಬರೆದರು. ಐದು ನಿಮಿಷದ ನಂತರ ನೋಡಿದರೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ನೋಡಿದರೆ ತಿರುವುಮುರುವು: ಬರೆದವರಿಗೆ ಸುಮಾರು ಶೇ 56 ನೆನಪಿತ್ತು, ಓದಿದವರಿಗೆ ಶೇ 42. ಪರೀಕ್ಷೆಯ ಹಿಂದಿನ ರಾತ್ರಿ ಸೀನಿಯರ್ ನೋಟ್ಸ್ ತಿರುವಿ ಹಾಕಿ ಪಾಸಾಗುವವರಿಗೆ ಮುಂದಿನ ಸೆಮಿಸ್ಟರ್‌ನಲ್ಲಿ ಯಾಕೆ ಏನೂ ನೆನಪಿರುವುದಿಲ್ಲ ಅನ್ನುವುದಕ್ಕೆ ಇದರಲ್ಲೇ ಉತ್ತರ ಇದೆ. ತಲೆಯಿಂದ ಹೊರಗೆ ಎಳೆದು ತೆಗೆದದ್ದು ಉಳಿಯುತ್ತದೆ. ಕ್ಲಾಸಿನ ನಡುವಿನ ಪುಟ್ಟ ಪ್ರಶ್ನೆ ಹುಡುಗರ ಕೈಲಿ ಈ ಎಳೆಯುವ ಕೆಲಸ ಮಾಡಿಸುತ್ತದೆ, ಅಂಕದ ಭಯ ಇಲ್ಲದೆ.

ಎಷ್ಟು ವ್ಯತ್ಯಾಸ ಆಗುತ್ತದೆ?

ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ನಡೆದ ಪ್ರಯೋಗವೊಂದು 2011ರಲ್ಲಿ ಪ್ರಕಟವಾಯಿತು. ಅದರ ಹಿಂದಿದ್ದವರಲ್ಲಿ ಒಬ್ಬರು ಭೌತಶಾಸ್ತ್ರದ ನೊಬೆಲ್ ಪಡೆದ ಕಾರ್ಲ್ ವೈಮನ್. 250ಕ್ಕೂ ಹೆಚ್ಚು ಹುಡುಗರಿದ್ದ ಎರಡು ಸೆಕ್ಷನ್. ಒಂದಕ್ಕೆ ವರ್ಷಗಳ ಅನುಭವ ಇದ್ದ, ಒಳ್ಳೆಯ ಹೆಸರಿದ್ದ ಪ್ರೊಫೆಸರ್ ಎಂದಿನಂತೆ ಪಾಠ ಮಾಡಿದರು. ಇನ್ನೊಂದಕ್ಕೆ ಪಾಠದ ಅನುಭವ ಕಡಿಮೆ ಇದ್ದ, ಆದರೆ ಪ್ರಶ್ನೆ-ಚರ್ಚೆ-ಕ್ಲಿಕರ್ ವಿಧಾನದಲ್ಲಿ ತರಬೇತಿ ಪಡೆದವರು ಬಂದರು. ಒಂದು ವಾರ, ಒಂದೇ ಪಾಠ. ಕೊನೆಯ ಪರೀಕ್ಷೆಯಲ್ಲಿ ಮೊದಲ ಸೆಕ್ಷನ್ನಿನ ಸರಾಸರಿ ಶೇ 41, ಎರಡನೆಯದು ಶೇ 74. ಎರಡನೇ ಸೆಕ್ಷನ್ನಿಗೆ ಆ ವಾರ ಬರುವವರ ಸಂಖ್ಯೆಯೂ ಏರಿತು.

ಒಂದು ವಾರದ ಪ್ರಯೋಗ ತಾನೇ ಅನ್ನಬಹುದು, ಸರಿಯಾದ ಮಾತೇ. ಹಾಗಾಗಿ 2014ರ ಒಂದು ದೊಡ್ಡ ಪರಿಶೀಲನೆಯನ್ನೂ ನೋಡಬೇಕು. ವಿಜ್ಞಾನ, ಗಣಿತ, ಎಂಜಿನಿಯರಿಂಗ್ ಕ್ಲಾಸುಗಳ 225 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ, ಬರೀ ಲೆಕ್ಚರ್ ಇದ್ದ ಕಡೆ ಫೇಲಾದವರು ಸುಮಾರು ಶೇ 34. ಹುಡುಗರಿಂದ ಕ್ಲಾಸಿನಲ್ಲೇ ಏನಾದರೂ ಮಾಡಿಸಿದ ಕಡೆ ಶೇ 22. ನೂರು ಜನರ ಕ್ಲಾಸಿನಲ್ಲಿ ಹನ್ನೆರಡು ಜನ ಫೇಲಾಗದೆ ಉಳಿದ ಲೆಕ್ಕ. ಪರೀಕ್ಷೆಯ ಅಂಕ ಮಾತ್ರ ಸರಾಸರಿ ಶೇ 6ರಷ್ಟೇ ಏರಿತ್ತು, ಅದನ್ನೂ ಹೇಳಬೇಕು. ಮಾಯಾಮಂತ್ರವೇನೂ ಅಲ್ಲ.

ಈಗ ಕಾಲೇಜಿನ ಪರ್ಚೇಸ್ ಕಮಿಟಿಯವರು ಓದಬೇಕಾದ ವಿಷಯ. 2008ರಲ್ಲಿ ಕೆನಡಾದ ಕ್ವಿಬೆಕ್‌ನ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಒಂದು ಸೆಕ್ಷನ್ನಿಗೆ ಎಲೆಕ್ಟ್ರಾನಿಕ್ ಕ್ಲಿಕರ್ ಕೊಟ್ಟರು, ಇನ್ನೊಂದಕ್ಕೆ ಎ, ಬಿ, ಸಿ ಅಂತ ಬರೆದ ರಟ್ಟಿನ ಕಾರ್ಡ್ ಕೊಟ್ಟರು. ವಿಧಾನ ಒಂದೇ. ಕಲಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಂದರೆ ಫಲ ಬರುವುದು ಎಲ್ಲರೂ ಉತ್ತರ ಕೊಡುವುದರಿಂದ, ಆಮೇಲೆ ವಾದ ಮಾಡುವುದರಿಂದ. ಯಂತ್ರ ಎಣಿಸುವ ಕೆಲಸ ಸುಲಭ ಮಾಡುತ್ತದೆ, ಯಾರು ಏನು ಹೇಳಿದರು ಅನ್ನುವ ದಾಖಲೆ ಇಡುತ್ತದೆ, ನೂರೈವತ್ತು ಜನರ ಹಾಲ್‌ನಲ್ಲಿ ಅದು ನಿಜಕ್ಕೂ ಬೇಕಾಗುತ್ತದೆ.

ಹುಡುಗರೇ ಬೇಡ ಅಂದರೆ?

ಅನ್ನುತ್ತಾರೆ. 2019ರಲ್ಲಿ ಹಾರ್ವರ್ಡ್‌ನಲ್ಲಿ ಮಾಡಿದ ಅಧ್ಯಯನವೊಂದರಲ್ಲಿ ಭೌತಶಾಸ್ತ್ರದ ಹುಡುಗರಿಗೆ ಎರಡೂ ರೀತಿಯ ಪಾಠ ಮಾಡಿ, ಕೊನೆಗೆ ಪರೀಕ್ಷೆ ಕೊಟ್ಟರು, ಎಷ್ಟು ಕಲಿತೆ ಅನ್ನಿಸಿತು ಅಂತಲೂ ಕೇಳಿದರು. ಪರೀಕ್ಷೆಯಲ್ಲಿ ಜಾಸ್ತಿ ಅಂಕ ಬಂದದ್ದು ತಾವೇ ತಲೆ ಓಡಿಸಿದ ಕ್ಲಾಸಿನವರಿಗೆ. ಜಾಸ್ತಿ ಕಲಿತೆವು ಅಂತ ಅನ್ನಿಸಿದ್ದು ಮಾತ್ರ ಸೊಗಸಾದ ಲೆಕ್ಚರ್ ಕೇಳಿದವರಿಗೆ!

ಕಾರಣ ಸರಳ. ಚೆನ್ನಾಗಿ ಮಾತಾಡುವ ಮೇಷ್ಟ್ರು ಲೆಕ್ಕ ಬಿಡಿಸುವುದನ್ನು ನೋಡುತ್ತಾ ಕೂತರೆ ಎಲ್ಲಾ ಸಲೀಸು ಅನ್ನಿಸುತ್ತದೆ. ತಾನೇ ಬಿಡಿಸಲು ಕೂತರೆ ತಡವರಿಸುತ್ತದೆ, ತಪ್ಪಾಗುತ್ತದೆ, ಗೊಂದಲ ಆಗುತ್ತದೆ. ಆ ಗೊಂದಲವನ್ನು ಹುಡುಗರು "ಏನೂ ಅರ್ಥ ಆಗ್ತಿಲ್ಲ, ಸರ್ ಪಾಠಾನೇ ಮಾಡಲ್ಲ, ನಮ್ಮ ಕೈಲೇ ಮಾಡಿಸ್ತಾರೆ" ಅಂತ ಓದಿಕೊಳ್ಳುತ್ತಾರೆ. ಫೀಡ್‌ಬ್ಯಾಕ್ ಫಾರ್ಮ್ ನೋಡಿ ಲೆಕ್ಚರರ್‌ಗೆ ಮಾರ್ಕ್ಸ್ ಹಾಕುವ ಕಾಲೇಜುಗಳು ಇದನ್ನು ಗಮನದಲ್ಲಿ ಇಟ್ಟುಕೊಂಡರೆ ಒಳ್ಳೆಯದು. ಸೆಮಿಸ್ಟರ್ ಶುರುವಿನಲ್ಲೇ ಯಾಕೆ ಹೀಗೆ ಮಾಡ್ತಿದ್ದೇವೆ ಅಂತ ವಿವರಿಸಿದರೆ ಹುಡುಗರ ಗೊಣಗಾಟ ಕಡಿಮೆ ಆಗುತ್ತದೆ ಅನ್ನುವುದನ್ನೂ ಅದೇ ಅಧ್ಯಯನ ತೋರಿಸಿತು.

ವಿಡಿಯೋ ಮತ್ತು ಎಲ್‌ಎಂಎಸ್

ಇಷ್ಟೆಲ್ಲ ಚರ್ಚೆ ಮಾಡಿಸುತ್ತಾ ಕೂತರೆ ಸಿಲಬಸ್ ಮುಗಿಸುವುದು ಯಾವಾಗ? ಯಾವ ಸ್ಟಾಫ್ ರೂಮಿಗೆ ಹೋದರೂ ಮೊದಲು ಬರುವ ಪ್ರಶ್ನೆ ಇದು. ಇಲ್ಲಿ ಎರಡನೇ ಜಾತಿಯ ಸಾಮಾನು ಕೈ ಹಿಡಿಯುತ್ತದೆ. ವ್ಯಾಖ್ಯೆ, ಪೀಠಿಕೆ, ಪಟ್ಟಿ ತರಹದ್ದನ್ನು ವಿಡಿಯೋ ಮಾಡಿಯೋ ಎರಡು ಪುಟ ಬರೆದೋ ಎಲ್‌ಎಂಎಸ್‌ಗೆ ಹಾಕಿ, ಮನೆಯಲ್ಲಿ ನೋಡಿಕೊಂಡು ಬರಲು ಹೇಳುವುದು. ಕ್ಲಾಸಿನ ಹೊತ್ತನ್ನು ಕಷ್ಟದ ಭಾಗಕ್ಕೆ ಉಳಿಸಿಕೊಳ್ಳುವುದು. ಇದನ್ನೇ ಫ್ಲಿಪ್ಡ್ ಕ್ಲಾಸ್‌ರೂಮ್ ಅನ್ನುತ್ತಾರೆ.

ವಿಡಿಯೋ ಮಾಡುವವರಿಗೆ ಒಂದು ಮಾತು. ಎಡ್‌ಎಕ್ಸ್ ಅನ್ನುವ ಆನ್‌ಲೈನ್ ತಾಣದ ಕೋರ್ಸುಗಳಲ್ಲಿ ಜನ ವಿಡಿಯೋ ನೋಡಿದ ರೀತಿಯನ್ನು ಲೆಕ್ಕ ಹಾಕಿದ 2014ರ ಅಧ್ಯಯನದ ಪ್ರಕಾರ, 6 ನಿಮಿಷಕ್ಕಿಂತ ಉದ್ದದ ವಿಡಿಯೋದಲ್ಲಿ ಜನರ ಗಮನ ಬೇಗ ಕರಗುತ್ತದೆ. ಇಡೀ ಒಂದು ಗಂಟೆಯ ಲೆಕ್ಚರ್ ರೆಕಾರ್ಡ್ ಮಾಡಿ ಹಾಕಿದರೆ ಪರೀಕ್ಷೆಯ ಹಿಂದಿನ ದಿನ ಎರಡು ಪಟ್ಟು ಸ್ಪೀಡಿನಲ್ಲಿ ಓಡಿಸಿ ನೋಡುತ್ತಾರೆ.

ಎಲ್ಲವನ್ನೂ ತಾವೇ ತಯಾರಿಸಬೇಕಾಗಿಲ್ಲ. ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿ ಸೇರಿ 2003ರಲ್ಲಿ ಶುರು ಮಾಡಿದ ಎನ್‌ಪಿಟಿಇಎಲ್‌ನಲ್ಲಿ, 2017ರಲ್ಲಿ ಕೇಂದ್ರ ಸರ್ಕಾರ ತಂದ ಸ್ವಯಂನಲ್ಲಿ ಸಾವಿರಾರು ಪಾಠಗಳು ಪುಕ್ಕಟೆ ಸಿಗುತ್ತವೆ. ಒಂದು ಸೆಮಿಸ್ಟರ್‌ನಲ್ಲಿ ಶೇ 40ರಷ್ಟು ಕ್ರೆಡಿಟ್‌ವರೆಗೂ ಸ್ವಯಂ ಕೋರ್ಸುಗಳಿಂದ ಪಡೆಯಲು ಯುಜಿಸಿಯ 2021ರ ನಿಯಮ ಅವಕಾಶ ಕೊಟ್ಟಿದೆ. ವಿಜ್ಞಾನದವರಿಗೆ ಫೆಟ್ ಇದೆ. ಕೊಲೊರಾಡೊ ವಿಶ್ವವಿದ್ಯಾಲಯದ ಈ ಸಿಮ್ಯುಲೇಷನ್‌ಗಳಲ್ಲಿ ಬ್ಯಾಟರಿ, ಬಲ್ಬು, ವೈರ್ ಜೋಡಿಸಿ ಕರೆಂಟ್ ಹರಿಯುವುದನ್ನು ಪರದೆಯ ಮೇಲೇ ನೋಡಬಹುದು. ಕೆಲವು ಕನ್ನಡದಲ್ಲೂ ಇವೆ. ಸ್ಮಾರ್ಟ್ ಬೋರ್ಡ್ ಇರುವ ಕಾಲೇಜಿನಲ್ಲಿ ಆ ಬೋರ್ಡಿಗೆ ಇದಕ್ಕಿಂತ ಒಳ್ಳೆಯ ಉಪಯೋಗ ಕಡಿಮೆ: "ಇನ್ನೊಂದು ಬಲ್ಬ್ ಸೇರಿಸಿದರೆ ಮೊದಲನೆಯದರ ಬೆಳಕು ಏನಾಗುತ್ತದೆ?" ಅಂತ ಕೇಳಿ, ವೋಟು ಹಾಕಿಸಿ, ಆಮೇಲೆ ಸೇರಿಸಿ ತೋರಿಸುವುದು.

ಫೋನ್ ಕೈಗೆ ಕೊಟ್ಟರೆ ಇನ್‌ಸ್ಟಾಗ್ರಾಂ ಗ್ಯಾರಂಟಿ ಅಲ್ವಾ?

ಭಯ ನಿಜವೇ. 2013ರಲ್ಲಿ ಕೆನಡಾದ ಸಂಶೋಧಕರು ಕ್ಲಾಸಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಬೇರೆ ಏನೋ ನೋಡುತ್ತಾ ಪಾಠ ಕೇಳಿದವರನ್ನು ಪರೀಕ್ಷಿಸಿದರು. ಅವರ ಅಂಕ ಶೇ 11ರಷ್ಟು ಕಡಿಮೆ. ಅವರ ಪರದೆ ಕಣ್ಣಿಗೆ ಬೀಳುವ ಹಾಗೆ ಹಿಂದೆ ಕೂತಿದ್ದವರ ಅಂಕ ಶೇ 17ರಷ್ಟು ಕಡಿಮೆ. ಅವರು ಪಾಪ ಏನೂ ತಪ್ಪು ಮಾಡಿರಲಿಲ್ಲ.

ಹಾಗಾಗಿ ಈ ವಿಧಾನ ಚೆನ್ನಾಗಿ ನಡೆಸುವವರು ಫೋನಿಗೆ ಹೊತ್ತು ಕಟ್ಟುತ್ತಾರೆ. ಪ್ರಶ್ನೆ ಬಂದಾಗ ಫೋನ್ ಮೇಲೆ, ವೋಟಾದ ಕೂಡಲೇ ಡೆಸ್ಕಿನ ಮೇಲೆ ಬೋರಲು. ಬೇಗ ಒತ್ತಿದವರಿಗೆ ಜಾಸ್ತಿ ಪಾಯಿಂಟ್ ಕೊಡುವ ಆಟದ ಆ್ಯಪ್‌ಗಳ ಬಗ್ಗೆಯೂ ಹುಷಾರಾಗಿರಬೇಕು. ಕ್ಲಾಸು ಕುಣಿಯುತ್ತದೆ, ಖುಷಿಯೂ ಆಗುತ್ತದೆ, ಆದರೆ ಯೋಚಿಸುವವರು ಹಿಂದೆ ಬಿದ್ದು ಬೆರಳು ಚುರುಕಿರುವವರು ಗೆಲ್ಲುತ್ತಾರೆ. ಟೈಮರ್ ತೆಗೆದೋ ಉದ್ದ ಮಾಡಿಯೋ ಬಳಸಬಹುದು.

ಫೋನೇ ಬೇಡ ಅನ್ನುವವರಿಗೂ ದಾರಿ ಇದೆ. ಪ್ಲಿಕರ್ಸ್ ಅನ್ನುವ ವ್ಯವಸ್ಥೆಯಲ್ಲಿ ಪ್ರತಿ ವಿದ್ಯಾರ್ಥಿಗೆ ಒಂದು ಕಾಗದದ ಕಾರ್ಡ್. ಅದರ ಮೇಲೆ ಕ್ಯೂಆರ್ ಕೋಡ್ ತರಹದ ಕಪ್ಪು ಚೌಕದ ಚಿತ್ರ, ನಾಲ್ಕು ಬದಿಗೆ ಸಣ್ಣದಾಗಿ ಎ, ಬಿ, ಸಿ, ಡಿ. ನಿಮ್ಮ ಉತ್ತರ ಯಾವುದೋ ಆ ಬದಿ ಮೇಲೆ ಬರುವ ಹಾಗೆ ತಿರುಗಿಸಿ ಹಿಡಿಯಬೇಕು. ಮೇಷ್ಟ್ರು ತಮ್ಮ ಒಂದೇ ಫೋನಿನ ಕ್ಯಾಮೆರಾ ಕ್ಲಾಸಿನ ಮೇಲೆ ಆಡಿಸಿದರೆ ಎಲ್ಲರ ಉತ್ತರವೂ ಎಣಿಕೆಯಾಗುತ್ತದೆ. ಪ್ರತಿ ಕಾರ್ಡಿನ ಚಿತ್ರ ಬೇರೆ, ಅಕ್ಷರ ಸಣ್ಣದು, ಹಾಗಾಗಿ ಪಕ್ಕದವನ ಉತ್ತರ ನೋಡಿ ತಿರುಗಿಸುವುದು ಸುಲಭವಲ್ಲ. ಹುಡುಗರಿಗೆ ಡೇಟಾ ಬೇಡ, ಫೋನ್ ಬೇಡ, ಜೆರಾಕ್ಸ್ ಖರ್ಚು ಮಾತ್ರ. ಕ್ಲಾಸಿನಲ್ಲಿ ನೂರು ಜನ ಇದ್ದರೆ ಒಂದು ಬೆಂಚಿಗೆ ಒಂದು ಕಾರ್ಡ್ ಕೊಡಬಹುದು.

ನಮ್ಮ ಕ್ಲಾಸುಗಳಲ್ಲಿ ಇದರಿಂದ ಇನ್ನೊಂದು ಅನುಕೂಲ

ಪಿಯುಸಿವರೆಗೆ ಕನ್ನಡ ಮೀಡಿಯಂ ಓದಿ, ಬಿಕಾಂಗೋ ಬಿಎಸ್‌ಸಿಗೋ ಸೇರಿದ ಕೂಡಲೇ ಎಲ್ಲಾ ಇಂಗ್ಲಿಷ್ ಆಗುವ ಹುಡುಗರು ನಮ್ಮಲ್ಲಿ ಸಾವಿರಾರು. ಉತ್ತರ ಗೊತ್ತಿದ್ದರೂ ಎದ್ದು ಹೇಳಲ್ಲ. ಇಂಗ್ಲಿಷ್ ತಪ್ಪಾದರೆ ಹಿಂದಿನಿಂದ ನಗುತ್ತಾರೆ ಅನ್ನುವ ಹೆದರಿಕೆ. ಹೆಸರು ಕಾಣದ ವೋಟಿನಲ್ಲಿ ಇವರು ಮೊದಲ ಸಲ ಉತ್ತರ ಕೊಡುತ್ತಾರೆ. ಪಕ್ಕದವರ ಜೊತೆ ಚರ್ಚೆ ಅಂದರೆ ಅದು ಕನ್ನಡದಲ್ಲೇ ನಡೆಯುತ್ತದೆ. ಅದನ್ನು ತಡೆಯದಿರುವುದೇ ಜಾಣತನ. ಯಂತ್ರ ಸವೆದ ಹಾಗೆ ಅದರ ಬೆಲೆ ಇಳಿಸಿ ಬರೆಯುವ ಸವಕಳಿಯ (ಡಿಪ್ರಿಸಿಯೇಷನ್) ಲೆಕ್ಕ ಕನ್ನಡದಲ್ಲಿ ತಲೆಗೆ ಹತ್ತಿದ ಮೇಲೆ ಇಂಗ್ಲಿಷಿನಲ್ಲಿ ಬರೆಯುವುದು ಸುಲಭ.

ಸವಕಳಿ ಅಂದೆನಲ್ಲ, ಒಳ್ಳೆಯ ಪ್ರಶ್ನೆ ಹೇಗಿರಬೇಕು ಅನ್ನುವುದಕ್ಕೆ ಅದೇ ಉದಾಹರಣೆ. "ಸವಕಳಿಯ ವ್ಯಾಖ್ಯೆ ಯಾವುದು?" ಅಂತ ನಾಲ್ಕು ಆಯ್ಕೆ ಕೊಟ್ಟರೆ ಅದು ಬಾಯಿಪಾಠದ ಪರೀಕ್ಷೆ, ಚರ್ಚಿಸಲು ಏನೂ ಇಲ್ಲ. "ಕಂಪನಿ ಈ ವರ್ಷ ಯಂತ್ರದ ಮೇಲೆ 50,000 ರೂಪಾಯಿ ಸವಕಳಿ ಬರೆಯಿತು. ಬ್ಯಾಂಕ್ ಖಾತೆಯಿಂದ ಎಷ್ಟು ಹಣ ಹೊರಗೆ ಹೋಯಿತು?" ಅಂತ ಕೇಳಿ ನೋಡಿ. ಉತ್ತರ, ಒಂದು ಪೈಸೆಯೂ ಇಲ್ಲ. ದುಡ್ಡು ಹೋದದ್ದು ಯಂತ್ರ ಕೊಂಡಾಗ, ಸವಕಳಿ ಆ ಖರ್ಚನ್ನು ವರ್ಷ ವರ್ಷಕ್ಕೆ ಹಂಚುತ್ತದೆ ಅಷ್ಟೇ. 50,000 ಅಂತ ಒತ್ತುವವರು ಬೇಕಾದಷ್ಟು ಜನ ಇರುತ್ತಾರೆ. ಆ ತಪ್ಪು ಹೊರಗೆ ಬರಲಿ ಅಂತಲೇ ಪ್ರಶ್ನೆ. ಇಂಥ ಪ್ರಶ್ನೆ ಬರೆಯುವುದಕ್ಕೆ ಹೊತ್ತು ಹಿಡಿಯುತ್ತದೆ, ಹುಡುಗರು ಎಲ್ಲಿ ಎಡವುತ್ತಾರೆ ಅಂತ ಗೊತ್ತಿರಬೇಕಾಗುತ್ತದೆ. ಹತ್ತು ವರ್ಷ ಪೇಪರ್ ತಿದ್ದಿದ ಲೆಕ್ಚರರ್‌ಗೆ ಇದು ಯಾವ ಸಾಫ್ಟ್‌ವೇರ್‌ಗಿಂತಲೂ ಚೆನ್ನಾಗಿ ಗೊತ್ತು.

ಅಡ್ಮಿಷನ್‌ಗೆ ಹೋದಾಗ ಏನು ಕೇಳಬೇಕು?

ಸ್ಮಾರ್ಟ್ ಕ್ಲಾಸ್ ಇದೆಯಾ ಅಂತ ಕೇಳಿದರೆ ಎಲ್ಲರೂ ಇದೆ ಅನ್ನುತ್ತಾರೆ. ಬದಲಿಗೆ, ಒಂದು ಪೀರಿಯಡ್‌ನಲ್ಲಿ ಹುಡುಗರು ಎಷ್ಟು ಸಲ ಉತ್ತರ ಕೊಡುತ್ತಾರೆ, ಎಲ್ಲರೂ ಕೊಡುತ್ತಾರಾ ಅಂತ ಕೇಳಿ. ಲೆಕ್ಚರರ್‌ಗಳಿಗೆ ಈ ವಿಧಾನದ ತರಬೇತಿ ಆಗಿದೆಯಾ, ಅಥವಾ ಬೋರ್ಡ್ ಆನ್ ಮಾಡುವ ತರಬೇತಿ ಮಾತ್ರವಾ? ಎಲ್‌ಎಂಎಸ್‌ನಲ್ಲಿ ಅಸೈನ್‌ಮೆಂಟ್ ಹಾಕಿದರೆ ತಪ್ಪು ಎಲ್ಲಿ ಅಂತ ತಿರುಗಿ ಬರುತ್ತದಾ, ಬರೀ ಅಂಕ ಬರುತ್ತದಾ? ಕರೆಂಟ್ ಹೋದರೆ ಅಥವಾ ನೆಟ್‌ವರ್ಕ್ ಸಿಗದಿದ್ದರೆ ಕ್ಲಾಸ್ ಹೇಗೆ ನಡೆಯುತ್ತದೆ? ಕ್ಯಾಂಟೀನ್ ಹತ್ತಿರ ಸಿಗುವ ಸೆಕೆಂಡ್ ಇಯರ್ ಹುಡುಗರನ್ನೂ ಇದೇ ಪ್ರಶ್ನೆ ಕೇಳಬಹುದು. ಪ್ರಿನ್ಸಿಪಾಲರ ಚೇಂಬರಿನಲ್ಲಿ ಸಿಗುವುದಕ್ಕಿಂತ ನೇರ ಉತ್ತರ ಅಲ್ಲಿ ಸಿಗುತ್ತದೆ.